ಎಡಗಾಲಿನ ಹಿಮ್ಮಡಿ

ಸಾರಿನ ಮೇಲೆ ಉಂಗುರ ತಡವಾಗಿ ಬರುತ್ತಿದೆ, ಹೌದು, ತಡವಾಗಿಯೇ, ಪಾತ್ರೆ ಹಲಗೆಗೋಡೆಗೆ ತಾಗಿ ಕೂತಿದೆ, ಗೋಡೆಯ ಆಚೆಗೆ ವೇದಿಕೆ, ಅಲ್ಲಿ ದೊಡ್ಡ ಡ್ರಮ್ಮಿಗೆ ಪೆಟ್ಟು ಬಿದ್ದರೆ ಇಲ್ಲಿ ಬೇಳೆಯ ಹಳದಿ ಮೈ ನಡುಗಿ ಅಂಚಿನಿಂದ ನಡುವಿಗೆ ಒಂದು ಉಂಗುರ ಓಡುತ್ತದೆ, ಯಾವ ಬ್ಯಾಂಡು ಬಂದರೂ ನಾನು ಮೊದಲು ನೋಡುವುದು ಇದನ್ನೇ, ಲಯ ಗಟ್ಟಿಯೋ ಸಡಿಲೋ ಎಂಬುದನ್ನು ಕಿವಿಗಿಂತ ಮೊದಲು ಸಾರು ಹೇಳುತ್ತದೆ, ಆದರೆ ಇವತ್ತು ಗಿಟಾರು ಮುಂದೆ ಹೋಗಿ ನಿಂತು ಕಾಯುತ್ತಿದೆ, ಉಂಗುರ ಹಿಂದಿನಿಂದ ಬರುತ್ತಿದೆ, ಇವರು ಯಾರೋ ಕಾಲೇಜು ಹುಡುಗರಲ್ಲ, ಇಂಗ್ಲೆಂಡಿನ ಕೋಲ್ಡ್ ಕ್ಯಾಂಟೀನ್, ಇಪ್ಪತ್ತೈದು ವರ್ಷದಿಂದ ಒಬ್ಬನೇ ಕ್ಲೈವ್ ಬಾರಿಸುತ್ತಿರುವ ಡ್ರಮ್ಮು – ನಿಂತಿತು, ಮತ್ತೆ ಮೊದಲಿನಿಂದ, ಮತ್ತೆ ತಡ. ಉಲ್ಫ್, ಉಪ್ಪು ಹಾಕಿದೆಯಾ, ಬಾಗಿಲಲ್ಲಿ ಹೈಕೆಯ ತಲೆ, ಈ ಯುಗೆಂಡ್‌ತ್ಸೆಂಟ್ರುಮ್ ಎಂಬ ಯುವಕೇಂದ್ರವನ್ನು ನೋಡಿಕೊಳ್ಳುವವಳು ಅವಳೇ, ಹಳೆಯ ಕಾರ್ಖಾನೆಯನ್ನು ಹುಡುಗರ ಹಾಡಿಗೆ, ಸಭೆಗೆ, ಊಟಕ್ಕೆ ತೆರೆದಿಟ್ಟವಳು, ಉಳವಪ್ಪ ಎಂಬ ನನ್ನ ಹೆಸರನ್ನು ಮೊದಲ ದಿನವೇ ಕತ್ತರಿಸಿ ಉಲ್ಫ್ ಮಾಡಿ ಒಳಗೆ ಕರೆದುಕೊಂಡವಳು, ಹಾಕಿದ್ದೇನೆ ಹೈಕೆ, ತುಪ್ಪ ಮಾತ್ರ ಹಾಕಿಲ್ಲ, ಅವರು ಹಾಲು, ಬೆಣ್ಣೆ ಏನನ್ನೂ ಮುಟ್ಟುವುದಿಲ್ಲವಲ್ಲ, ತುಪ್ಪವಿಲ್ಲದ ಸಾರೆಂದರೆ ನಮ್ಮ ಅತ್ತೆಗೆ ಆಸ್ಪತ್ರೆಯ ಊಟ, ಇರಲಿ. ಈ ದೇಶ ಕಂಪ್ಯೂಟರ್ ಕೆಲಸದವರಿಗೆ ಕೊಡುವ ಗ್ರೀನ್ ಕಾರ್ಡು ವಿಜಯಶ್ರೀಯದು, ಡಾರ್ಮ್‌ಸ್ಟಾಟ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳ ಕೆಲಸ, ನಾನು ಕಾರ್ಡಿನ ಹಿಂದೆ ಬಂದ ಗಂಡ, ಆರ್ಬೈಟ್ಸ್‌ಎರ್ಲಾಬ್ನಿಸ್ ಎಂಬ ಕೆಲಸದ ಪರವಾನಗಿ ಸಿಗುವವರೆಗೆ ದುಡಿಯುವಂತಿಲ್ಲ ಎಂದು ನನ್ನ ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿದ್ದಾರೆ, ಗದಗಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು ನಾನು, ಸೋನೋಮೀಟರಿನ ತಂತಿಯ ಮೇಲೆ ಕಾಗದದ ಚೂರು ಮಡಚಿ ಕೂರಿಸಿ, ಶ್ರುತಿ ಸೇರಿದ ಕ್ಷಣ ಅದು ಹಾರಿ ಬೀಳುವುದನ್ನು ಮಕ್ಕಳಿಗೆ ತೋರಿಸುತ್ತಿದ್ದವನು, ಈಗ ಬಂದ ಬ್ಯಾಂಡುಗಳಿಗೆ ಅಡುಗೆ ಮಾಡುತ್ತೇನೆ, ಸಂಬಳವಿಲ್ಲದ್ದರಿಂದ ಅದು ದುಡಿಮೆಯಲ್ಲ, ಊರಿನಿಂದ ಅಣ್ಣ ಫೋನು ಮಾಡಿ ಅಲ್ಲೆ ದಿನಾ ಏನ್ ಮಾಡ್ತಿಯೋ ಅಂತಾನೆ, ಓದಾಕತ್ತೇನಿ ಅಂತೀನಿ, ಪೂರ್ತಿ ಸುಳ್ಳೇನಲ್ಲ, ಸಾರಿನ ಮೇಲಿನ ಉಂಗುರ ಓದುತ್ತೇನೆ.

ಮೊದಲು ಕೇಳಿದಾಗ ಇವರ ಹಾಡು ಹಿಟ್ಟಿನ ಗಿರಣಿಯ ಹಾಗಿತ್ತು, ಬಾಗಿಲು ಹಾಕಿಕೊಂಡು ಹೊರಗೆ ನಿಂತಿದ್ದೆ, ಆಮೇಲೆ ಮಧ್ಯಾಹ್ನಗಳು ಉದ್ದವಾದವು, ಅಡುಗೆಮನೆಯ ಕಪಾಟಿನಲ್ಲಿ ಇವರ ರೆಕಾರ್ಡುಗಳೆಲ್ಲ ಇದ್ದವು, ಮುಚ್ಚಳ ಮುರಿದ ಪ್ಲೇಯರ್ ಇತ್ತು, ಪಾತ್ರೆ ತಿಕ್ಕುತ್ತ ಒಂದೊಂದನ್ನೇ ಹಾಕಿದೆ, ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಅವರ ಕಥೆ, ಓದುತ್ತ ಓದುತ್ತ ಕೈಯ ಸೋಪು ಒಣಗುತ್ತಿತ್ತು – ಬ್ರಾಡ್‌ಫರ್ಡ್ ಎಂಬ ಊರು, ಉಣ್ಣೆಯ ಮಿಲ್ಲು, ರಾತ್ರಿ ಪಾಳಿಯಲ್ಲಿ ಹೆಚ್ಚಿನವರು ಪಂಜಾಬಿನ ಕಡೆಯವರು, ಖರ್ಚು ಉಳಿಸಲು ಮಾಲೀಕರು ಕ್ಯಾಂಟೀನಿನ ಹೀಟರ್ ಆರಿಸಿದರು, ಕೋಟು ಹಾಕಿಕೊಂಡೇ ಉಣ್ಣಬೇಕಾದ ಆ ಚಳಿಗಾಲದಲ್ಲಿ ಚಹಾ ಹಂಚುವ ಬ್ರೆಂಡಾ ಮೇಜು ಹತ್ತಿ ನಿಂತು ಬೈಗುಳದ ಹಾಡು ಹೇಳಿದಳು, ಮೂಟೆ ಹೊರುವ ಕ್ಲೈವ್ ಚಹಾದ ಹಂಡೆಯನ್ನೇ ಬಾರಿಸಿದ, ಅದೇ ಕೋಲ್ಡ್ ಕ್ಯಾಂಟೀನ್, ನಾನಾಗ ಎರಡನೇ ಇಯತ್ತೆಯಲ್ಲಿ ಮಗ್ಗಿ ಉರು ಹೊಡೆಯುತ್ತಿದ್ದೆ. ಕರಿಯರನ್ನೂ ಕಂದುಬಣ್ಣದವರನ್ನೂ ಓಡಿಸಬೇಕೆನ್ನುವ ಪಕ್ಷದವರು ಆ ಊರಿಗೆ ಮೆರವಣಿಗೆ ತಂದ ದಿನ ಇವರು ಉಣ್ಣೆಯ ಲಾರಿಯ ಮೇಲೆ ನಿಂತು ಅದರ ಘೋಷಣೆ ಕೇಳಿಸದಂತೆ ಬಾರಿಸಿದರು, ಆಮೇಲೆ ಕಲ್ಲಿದ್ದಲ ಗಣಿಯವರ ವರ್ಷ ತುಂಬಿದ ಮುಷ್ಕರ, ದೊಡ್ಡ ಕಂಪನಿಯೊಂದು ರೆಕಾರ್ಡು ಮಾಡುತ್ತೇವೆ ಬನ್ನಿ ಎಂದು ಕರೆದಾಗ ಗಿಟಾರಿನವನು ಹೋದ, ಬ್ರೆಂಡಾ, ಕ್ಲೈವ್ ಹೋಗಲಿಲ್ಲ, ಗಣಿಯವರ ಹೆಂಡಂದಿರು ನಡೆಸುತ್ತಿದ್ದ ಗಂಜಿಕೇಂದ್ರಗಳಲ್ಲಿ ಹಾಡಿದರು, ಕೊಡಲು ಅಲ್ಲಿ ಊಟ ಬಿಟ್ಟರೆ ಬೇರೇನಿರಲಿಲ್ಲ, ಅಂದಿನಿಂದ ಅದು ನೇಮವೇ ಆಯಿತು, ಅಡುಗೆ ಮಾಡಿದವರ ಜೊತೆ ಕೂತು ಉಂಡ ಹೊರತು ಇವರು ವೇದಿಕೆ ಹತ್ತುವುದಿಲ್ಲ. ತಲೆಗಂದಾಯ ಕಟ್ಟಬೇಡಿ ಎಂದು ಹಾಡಿದರು, ಕಟ್ಟದೆ ಬ್ರೆಂಡಾ ಕೋರ್ಟಿಗೂ ಹೋಗಿಬಂದಳು, ಈ ದೇಶದಲ್ಲಿ ಆಶ್ರಯ ಕೇಳಿ ಬಂದವರ ವಸತಿಗಳಿಗೆ ಬೆಂಕಿ ಬೀಳುತ್ತಿದ್ದ ವರ್ಷಗಳಲ್ಲಿ ವ್ಯಾನು ತುಂಬಿಕೊಂಡು ಇಲ್ಲಿಗೆ ಬಂದರು, ಒಂದು ವಸತಿಯ ಅಂಗಳದಲ್ಲೇ ಬಾರಿಸುತ್ತ ಕೂತರು, ಹಾಡು ಕೇಳಲು ಜನ ನೆರೆದಿದ್ದರೆ ಬೆಂಕಿ ತರುವವನು ಹತ್ತಿರ ಬರಲಾರ ಎಂಬ ಲೆಕ್ಕ, ಮತ್ತೆ ನಾವು ಬರುವುದಕ್ಕೆ ಸ್ವಲ್ಪ ಮೊದಲು, ಇಂಡಿಯನ್ನರ ಬದಲು ಮಕ್ಕಳು ಎಂಬ ಚುನಾವಣೆಯ ಮಾತು ಇಲ್ಲಿ ಓಡಾಡಿದಾಗ, ಮಕ್ಕಳೂ ಇರಲಿ ಇಂಡಿಯನ್ನರೂ ಇರಲಿ ಎಂದು ಒಂದು ಕುಣಿತದ ಹಾಡು ಕಟ್ಟಿದರು, ವಿಜಯಶ್ರೀಗೆ ಕೇಳಿಸಿದರೆ ನಕ್ಕು ನಕ್ಕು ಸುಸ್ತಾದಳು, ನಮ್ಮ ಮ್ಯಾಲೂ ಹಾಡೈತಿ ಅಂದ್ರ ನಾವು ಫೇಮಸ್ ಬಿಡೋ. ಹೋದ ವಾರದ ಶನಿವಾರ ಯುದ್ಧ ಬೇಡವೆಂದು ಲಂಡನ್ನಿನಲ್ಲಿ ನಡೆದ ಮೆರವಣಿಗೆಯಲ್ಲಿ ಹಾಡಿ, ಮಾರನೆಯ ದಿನವೇ ವ್ಯಾನು ಹತ್ತಿ ಊರೂರು ಬಾರಿಸುತ್ತ ಬಂದಿದ್ದಾರೆ. ಇಷ್ಟೆಲ್ಲ ನಾನು ತಿಳಿದುಕೊಂಡಿದ್ದು ರಾಜಕೀಯಕ್ಕಾಗಿ ಅಲ್ಲ, ನಿಜ ಹೇಳಬೇಕೆಂದರೆ ಆ ಡ್ರಮ್ಮಿಗಾಗಿ, ಕ್ಲೈವ್ ಪೆಟ್ಟನ್ನು ಕೂದಲೆಳೆಯಷ್ಟು ತಡೆದು ಬಿಡುತ್ತಾನೆ, ತಡವಲ್ಲ, ತಡೆ, ಆ ತಡೆ ನನಗೆ ಗೊತ್ತು, ಊರ ಮಠದ ಭಜನೆಯಲ್ಲಿ ಮಹಾಲಿಂಗಪ್ಪಜ್ಜನ ಝಾಂಜಿನಲ್ಲಿ ಅದೇ ಇತ್ತು, ನಾನು ಪಕ್ಕದಲ್ಲಿ ಸಣ್ಣ ತಾಳ ಹಿಡಿದು ಓಡೋಡಿ ಮುಂದೆ ಹೋಗುತ್ತಿದ್ದೆ, ಅಜ್ಜ ನನ್ನ ಪಾದದ ಮೇಲೆ ಕೈಯಿಟ್ಟು ಅದುಮುತ್ತಿದ್ದ, ತಾಳ ಕೈಯಾಗ ಇರೂದಿಲ್ಲೋ ತಮ್ಮಾ, ಹಿಮ್ಮಡದಾಗ ಇರತೈತಿ, ಅದನ್ನ ಊರು – ಹಿಮ್ಮಡಿ, ಯಾಕೆ ಇವತ್ತು ಬೆಳಗಿನಿಂದ ಕಣ್ಣ ಮುಂದೆ ಅದೇ ಬರುತ್ತಿದೆ, ಕಪ್ಪು ಬೂಟು, ಎಡಗಾಲು, ಹಿಮ್ಮಡಿಗೆ ಹೊಡೆದ ಲಾಳ, ನಮ್ಮ ಅಡುಗೆಮನೆಯ ನೆಲ.

ಬೆಳಿಗ್ಗೆ, ಹೌದು, ಬ್ಯಾಂಡಿನವರನ್ನು ಹೋಟೆಲಿಗೆ ಕಳಿಸುವುದಿಲ್ಲ ಇಲ್ಲಿ, ಕೇಂದ್ರದವರೇ ಮನೆಗೆ ಹಂಚಿಕೊಂಡು ಮಲಗಿಸುತ್ತಾರೆ, ನಿನ್ನೆ ಬಂದಿಳಿದವರಲ್ಲಿ ಗಿಟಾರಿನ, ಬಾಸಿನ ಹುಡುಗರು ಹೈಕೆಯ ಮನೆಗೆ ಹೋದರು, ಹಿರಿಯರಿಬ್ಬರು ನಮ್ಮ ಪಾಲಿಗೆ ಬಂದರು, ಅತ್ತೆ ಸುಶೀಲಾಬಾಯಿ ಮಗಳನ್ನು ನೋಡಲು ಧಾರವಾಡದಿಂದ ಬಂದಿದ್ದಾರೆ, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಮೂಗಿಗೆ ರಿಂಗು, ನೆಟ್ಟಗೆ ನಿಂತ ಕೆಂಪು ಕೂದಲು, ಐವತ್ತರ ಬ್ರೆಂಡಾ ಬಾಗಿಲಲ್ಲಿ ನಿಂತಾಗ ಅತ್ತೆ ಹೌಹಾರುತ್ತಾರೆ ಎಂದುಕೊಂಡಿದ್ದೆ, ಅವರು ಕನ್ನಡಕ ಸರಿಮಾಡಿಕೊಂಡು ಮೂಗಿನಾಗಿನ ನತ್ತು ಚಂದ ಐತಿ ನೋಡವಾ ಎಂದು ಒಳಗೆ ಕರೆದುಬಿಟ್ಟರು. ಅಳ್ಯಾರ, ಆಕಿ ಚಹಾಕ್ಕ ಹಾಲ ಬ್ಯಾಡ ಅನ್ನಾಕತ್ತಾಳ, ಏನರ ಉಪಾಸ ಹಿಡದಾಳೇನು, ಇಲ್ಲ ಅತ್ತಿ, ಅವರು ಆಕಳಿಗೆ ತ್ರಾಸ ಆಗತೈತಿ ಅಂತ ಹಾಲ ಕುಡಿಯೂದಿಲ್ಲ, ಹೌದಾ, ಹಂಗಾದ್ರ ಆಕಿ ನಮಗಿಂತ ದೊಡ್ಡಾಕಿ ಆದಳಲ್ಲ. ಕೂದಲು ಮುಟ್ಟಿ ನೋಡಿ, ಇದೇನ ಹುಲ್ಲಿನಂಗ ಒಣಗೇತಿ, ಕೊಬ್ಬರಿ ಎಣ್ಣಿಗೆ ಆಕಳಿನ ಸಂಬಂಧ ಇಲ್ಲಲ್ಲ ಅಂತ ಕೇಳ್ರಿ ಆಕೀನ, ಕೇಳಿದೆ, ಬ್ರೆಂಡಾ ಇಲ್ಲ ಎಂದಳು, ಮುಗಿಯಿತು, ನೆಲದ ಮೇಲೆ ಕೂರಿಸಿಕೊಂಡು ತಟ್ಟಿ ತಟ್ಟಿ ಎಣ್ಣೆ ಇಳಿಸಿದರು, ಇಪ್ಪತ್ತೈದು ವರ್ಷ ನೆಟ್ಟಗೆ ನಿಂತಿದ್ದ ಕೂದಲು ಶಾಲೆಯ ಹುಡುಗಿಯಂತೆ ಕಿವಿಯ ಹಿಂದೆ ಕೂತಿತು. ಆಮೇಲೆ ಕ್ಲೈವ್ ಬಂದು ಕುರ್ಚಿಯಲ್ಲಿ ಕೂತ, ಹೆಸರು ಹೇಳಿದೆ, ಅತ್ತೆ ಇಂಗ್ಲಿಷಿನಲ್ಲೇ ಗಂಭೀರವಾಗಿ ಕೇಳಿದರು, ಪ್ಲಾಸಿ ಕದನದ ಕ್ಲೈವ್ ನಿಮಗ ಏನಾಗಬೇಕು, ಆತ ದೊಡ್ಡದಾಗಿ ನಕ್ಕು ತಲೆಯಾಡಿಸಿ ಥ್ಯಾಂಕ್ಯೂ ಎಂದ, ಅತ್ತೆ ನನ್ನ ಕಡೆ ತಿರುಗಿ, ಒಪ್ಪಿಕೊಂಡಾ ನೋಡ್ರಿ, ಪ್ರಾಮಾಣಿಕ ಮನಶ್ಯಾ. ನಕ್ಕೆವು, ಎಲ್ಲರೂ ನಕ್ಕೆವು, ಯಾಕೆ ಥ್ಯಾಂಕ್ಯೂ ಎಂದ ಎಂದು ನಾನಾಗ ಯೋಚಿಸಲಿಲ್ಲ. ಚಹಾ ಸೋಸಿದ ಬ್ರೆಂಡಾ ಕ್ಲೈವ್ ಎಂದು ಕರೆಯಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವನ ಹಿಂದೆ ನಿಂತು ಎಡಗಾಲಿನ ಹಿಮ್ಮಡಿಯಿಂದ ಮರದ ನೆಲವನ್ನು ಒಮ್ಮೆ ಕುಟ್ಟಿದಳು, ಟಕ್, ಆತ ತಿರುಗಿ ಲೋಟ ತೆಗೆದುಕೊಂಡ, ಬ್ರೆಡ್ಡು ಕೊಡುವಾಗಲೂ ಟಕ್, ಹೊರಡುವಾಗಲೂ ಟಕ್, ನನಗೆ ಅದು ಕೇಳಿಸಿತು, ಅತ್ತೆಗೆ ಕಾಣಿಸಿತು, ಅವರು ಹೋದ ಮೇಲೆ ಮಗಳನ್ನು ಹಿಡಿದುಕೊಂಡರು, ನೋಡ ವಿಜಯಾ, ಇಂಗ್ಲಂಡದಾಕಿ ಸೈತ ಗಂಡನ ಹೆಸರ ಹಿಡದ ಕರಿಯೂದಿಲ್ಲ, ಕಾಲಾಗ ಸನ್ನಿ ಮಾಡ್ತಾಳ, ನಮ್ಮವ್ವ ಹಿಂಗ ಬಳಿ ಸಪ್ಪಳ ಮಾಡತಿದ್ಲು, ನೀ ನೋಡಿದ್ರ ಬಾಯಿ ತುಂಬ ಉಳವಪ್ಪಾ ಉಳವಪ್ಪಾ ಅಂತ ಓಣಿಗೆಲ್ಲಾ ಕೇಳಿಸ್ತಿ. ಅವ್ವಾ, ಅವರು ಗಂಡ ಹೆಂಡ್ತಿ ಅಲ್ಲ, ಜಸ್ಟ್ ಬ್ಯಾಂಡ್‌ಮೇಟ್ಸ್, ಕ್ಲೈವ್‌ಗ ಊರಾಗ ಹೆಂಡ್ತಿ, ಮೊಮ್ಮಕ್ಕಳು ಅದಾರ. ಹಂಗಾದ್ರ ಹೆಸರ್ಯಾಕ ಕರಿಯೂದಿಲ್ಲ, ಎಂದರು ಅತ್ತೆ.

ಹಂಗಾದ್ರ ಹೆಸರ್ಯಾಕ ಕರಿಯೂದಿಲ್ಲ – ಉಂಗುರ ಮತ್ತೆ ತಡವಾಗಿ ಬಂತು, ಸೌಟು ಕೈಯಲ್ಲೇ ನಿಂತಿತು, ಥ್ಯಾಂಕ್ಯೂ, ಕಿಟಕಿಯ ಕಡೆ ಮುಖ, ಮರದ ನೆಲ, ಟಕ್. ಕ್ಲೈವ್‌ಗೆ ಕಿವಿ ಕೇಳಿಸುವುದಿಲ್ಲ. ಆತ ಹಾಡನ್ನು ಕೇಳುತ್ತಿಲ್ಲ, ಅವಳ ಹಿಮ್ಮಡಿಯನ್ನು ನೆಲದಿಂದ ತೆಗೆದುಕೊಳ್ಳುತ್ತಿದ್ದಾನೆ, ಪಾದದಿಂದ, ಕೂತ ಸ್ಟೂಲಿನಿಂದ, ಊರೂರಿನ ವೇದಿಕೆಗಳೆಲ್ಲ ಮರದವು, ನಮ್ಮದು ಮಾತ್ರ ಕಾರ್ಖಾನೆಯವರು ಯಂತ್ರ ನಿಲ್ಲಿಸಲು ಎರಕ ಹೊಯ್ದ ಕಾಂಕ್ರೀಟು, ಅಷ್ಟು ಭಾರದ ನೆಲ ಒಂದು ಹಿಮ್ಮಡಿಗೆ ಅಲುಗುವುದೇ ಇಲ್ಲ, ಇದನ್ನು ನಾನು ಪಾಠ ಮಾಡಿದ್ದೇನೆ, ಹಗುರದ ಹಲಗೆ ಕಂಪನ ಒಯ್ಯುತ್ತದೆ, ಬಂಡೆ ನುಂಗುತ್ತದೆ, ಈಗ ಆತ ಕಣ್ಣಿನಿಂದ ಅವಳ ಕಾಲು ನೋಡಿ ಕೈ ಎತ್ತುತ್ತಿದ್ದಾನೆ, ಕಣ್ಣು ಚರ್ಮಕ್ಕಿಂತ ನಿಧಾನ, ಅದಕ್ಕೇ ತಡ. ಆಚೆ ಬಾರಿಸುವುದು ಅರ್ಧಕ್ಕೇ ನಿಂತಿತು, ಒಲೆ ಸಣ್ಣ ಮಾಡಿ ಹಿತ್ತಲಿಗೆ ಬಂದೆ, ಬ್ರೆಂಡಾ ಬಿಯರಿನ ಕ್ರೇಟಿನ ಮೇಲೆ ಕೂತು ಎಡಮೊಣಕಾಲಿಗೆ ನಮ್ಮ ಫ್ರೀಜರಿನ ಬಟಾಣಿ ಪೊಟ್ಟಣ ಒತ್ತಿಕೊಂಡಿದ್ದಳು, ಮೊಣಕಾಲು ಊದಿತ್ತು, ಒಳಗಿನಿಂದ ಗಿಟಾರಿನ ಹುಡುಗನ ದನಿ, ನಮ್ಮ ಡ್ರಮ್ಮಿನ ಅಜ್ಜನಿಗೆ ನಿದ್ದೆ ಸಾಲದಾಯಿತೋ ಏನೋ. ಹುಡುಗರಿಗೆ ಗೊತ್ತಿಲ್ಲವೇ ಎಂದೆ, ಏನು ಎಂದಳು, ಆತನಿಗೆ ಕೇಳಿಸುವುದಿಲ್ಲ ಎಂದೆ, ಅವಳು ನನ್ನನ್ನು ನೋಡಿದಳು, ಯಾರು ಹೇಳಿದರು, ನಮ್ಮ ಅತ್ತೆ ಎಂದೆ, ಅಳುವುದಕ್ಕಿದ್ದವಳು ನಕ್ಕುಬಿಟ್ಟಳು. ಕೆಲವು ವರ್ಷವಾಯಿತು ಉಲ್ಫ್, ಮೊದಲು ಬಲಗಿವಿ, ಆಮೇಲೆ ಎರಡೂ, ಹೇಳಿದರೆ ಯಾರು ಕರೆಯುತ್ತಾರೆ, ನಾನು ಕುಟ್ಟುತ್ತೇನೆ, ಆತ ಬಾರಿಸುತ್ತಾನೆ, ಈ ಸಲ ಮೊಣಕಾಲು ಹೋಯಿತು, ಬರುವ ತಿಂಗಳು ಬ್ರಾಡ್‌ಫರ್ಡ್‌ನಲ್ಲಿ ಕೊನೆಯ ಹಾಡು, ಅದೇ ಕ್ಯಾಂಟೀನಿನಲ್ಲಿ, ಅದನ್ನೀಗ ಮುದುಕರ ಮನೆ ಮಾಡಿದ್ದಾರೆ, ಹಳೆಯ ಮಿಲ್ಲಿನವರೇ ಅಲ್ಲಿದ್ದಾರೆ, ಮುಗಿಯುವುದಾದರೆ ಅಲ್ಲಿ ಮುಗಿಯಲಿ, ಆದರೆ ಇವತ್ತೂ ತಪ್ಪಿದರೆ ನಾಳೆ ರೈಲು ಹತ್ತುತ್ತೇನೆ, ಇನ್ನು ಮುಟ್ಟುವುದಿಲ್ಲ ಎಂದಿದ್ದಾನೆ, ಆತ ಸುಮ್ಮನೆ ಹೇಳುವವನಲ್ಲ, ಡ್ರಮ್ಮಿಗೆ ಬೇರೆಯವನನ್ನು ಕೂರಿಸಿಕೊಂಡು ನಾನು ಕೋಲ್ಡ್ ಕ್ಯಾಂಟೀನ್ ಎಂಬ ಹೆಸರು ಹೇಳಲಾರೆ. ಹಿತ್ತಲ ಗೋಡೆಗೆ ಒರಗಿ ನಿಂತಿತ್ತು ಹಳೆಯ ಕೋಣೆಯೊಂದರ ಬಾಗಿಲು, ಪೈನ್ ಮರದ್ದು, ತುಂಬ ಸ್ಟಿಕ್ಕರು, ನಾನು ಗೆಣ್ಣಿನಿಂದ ತಟ್ಟಿದೆ, ಒಳ್ಳೆಯ ದನಿ, ಇನ್ನೊಮ್ಮೆ ತಟ್ಟಿದೆ.

ಬಾಗಿಲನ್ನು ನಾನು, ಹೈಕೆ ಹೊತ್ತು ತಂದು ವೇದಿಕೆಯ ಮೇಲೆ ಮಲಗಿಸಿದೆವು, ಕಾಂಕ್ರೀಟಿಗೆ ತಾಗಬಾರದು ಎಂದು ಎರಡು ತುದಿಗೆ ಮರದ ರೀಪು ಕೊಟ್ಟೆ, ಸೋನೋಮೀಟರಿನ ಸೇತುವೆಗಳ ಹಾಗೆ, ಹೈಕೆ ಇದೇನು ಎಂದಳು, ಇಂಡಿಯನ್ ಫಿಸಿಕ್ಸ್ ಎಂದೆ, ಅವಳು ಹೆಚ್ಚು ಕೇಳುವವಳಲ್ಲ, ಒಂದು ತುದಿಯ ಮೇಲೆ ಕ್ಲೈವ್‌ನ ಸ್ಟೂಲು, ಇನ್ನೊಂದು ತುದಿ ಆಂಪ್ಲಿಫೈಯರಿನ ಹಿಂದೆ, ಬ್ರೆಂಡಾ ಅಲ್ಲಿ ನಿಂತು ಒಮ್ಮೆ ಕುಟ್ಟಿದಳು, ಕ್ಲೈವ್ ತಟ್ಟನೆ ತಲೆಯೆತ್ತಿದ, ಬಾಗಿಲು ನೋಡಿದ, ನನ್ನನ್ನು ನೋಡಿದ, ನನಗೆ ಗೊತ್ತಾಗಿದೆ ಎಂಬುದು ಗೊತ್ತಾಗಿ ಆತನ ಕಿವಿ ಕೆಂಪಾಯಿತು, ಆಮೇಲೆ ಕೋಲಿನಿಂದ ನನ್ನ ಕಡೆ ಸಣ್ಣ ಸಲಾಮು ಮಾಡಿದ, ಆದರೆ ನಾಲ್ಕನೆಯ ಪೆಟ್ಟಿಗೆ ಅವಳ ಮೊಣಕಾಲು ಕುಸಿಯಿತು, ನಾನು ಹಿಡಿದುಕೊಂಡೆ, ಕುಂಟುತ್ತ ಹಾಡಬಹುದು, ಕುಂಟುತ್ತ ಕುಟ್ಟಲಾಗದು, ಅವಳು ನನ್ನ ರಬ್ಬರು ಚಪ್ಪಲಿ ನೋಡಿದಳು. ಉಲ್ಫ್, ನಮ್ಮ ಹಾಡು ನಿನಗೆ ಎಷ್ಟು ಗೊತ್ತು. ಎಲ್ಲಾ, ಎಂದೆ, ಒಂದು ವರ್ಷ ಪಾತ್ರೆ ತಿಕ್ಕಿದ್ದೇನೆ. ಬೂಟಿನ ದಾರ ಬಿಚ್ಚತೊಡಗಿದಳು. ನನ್ನನ್ನು ಜನಕ್ಕೆ ತೋರಿಸಬೇಡ, ಇಂಡಿಯನ್ ಬಂದಿದ್ದಾನೆ ನೋಡಿ ಎನ್ನಬೇಡ ಎಂದೆ, ಏಕೆಂದರೆ ಇಂಡಿಯನ್ನರೂ ಇರಲಿ ಎಂಬ ಆ ಹಾಡೂ ಇದೆಯಲ್ಲ, ಅವಳು ಬೂಟು ಕೈಗಿಟ್ಟು, ಇಲ್ಲ, ಆ ಹಾಡು ನಿಮ್ಮ ಅತ್ತೆಗೆ, ನೀನು ಆಂಪ್ಲಿಫೈಯರಿನ ಹಿಂದೆ ಎಂದಳು. ನನ್ನ ಪಾದ ಸಣ್ಣದು, ಅವಳದು ದೊಡ್ಡದು, ಎರಡು ಜೊತೆ ಕಾಲುಚೀಲ ಹಾಕಿದರೆ ಸರಿಹೋಯಿತು, ಅವಳ ಎಡಗಾಲಿಗೆ ನನ್ನ ಚಪ್ಪಲಿ.

ನೇಮದಂತೆ ಕೂತು ಉಂಡೆವು, ಭಾನುವಾರವಾದ್ದರಿಂದ ಸಂಜೆ ಬೆಳಕಿರುವಾಗಲೇ ಆಟ, ಅಕ್ಕಪಕ್ಕದವರ ತಕರಾರು ಬೇಡವೆಂದು, ಅತ್ತೆ ಶೇಂಗಾ ಚಟ್ನಿಯ ಡಬ್ಬಿ ತಂದಿದ್ದರು, ಪಾಪ ತುಪ್ಪಿಲ್ಲ, ಎಣ್ಣಿನಾದ್ರೂ ಹಾಕ್ರಿ ಆತಗ ಎಂದು ಕ್ಲೈವ್‌ನ ತಟ್ಟೆಗೆ ತಾವೇ ಸುರಿದರು, ಆತ ಅವರ ತುಟಿ ನೋಡಿ ಥ್ಯಾಂಕ್ಯೂ ಎಂದ, ಈ ಸಲ ಸರಿಯಾದ ಜಾಗಕ್ಕೆ. ವಿಜಯಶ್ರೀ ನನ್ನ ಕಾಲು ನೋಡಿದಳು, ಒಂದು ಬೂಟು, ಒಂದು ಚಪ್ಪಲಿ, ಏನಿದು, ಸ್ಟೇಜ್ ಮ್ಯಾಲ ನೀನಾ, ಸೀರಿಯಸ್ಲಿ, ವೀಸಾಕ್ಕ ಪ್ರಾಬ್ಲಮ್ ಆಗೂದಿಲ್ಲಾ, ಕಾಲ ಕುಟ್ಟೂದು ಕೆಲಸ ಅಲ್ಲ ಎಂದೆ, ಅವಳ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ವಾರದಿಂದ ಅವಳು ಸರಿಯಾಗಿ ನಕ್ಕಿರಲಿಲ್ಲ, ಕೆಲಸ ಹೋದರೆ ಕಾರ್ಡೂ ಹೋಗುತ್ತದೆ, ಈಗ ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು, ತಪ್ಪಿದ್ರ ನೋಡ ಮತ್ತ ಉಳವಪ್ಪಾ, ಗದಗಿನ ಮರ್ಯಾದಿ ಕಳೀಬ್ಯಾಡ. ವಿಜಯಾ, ಹೆಸರ, ಎಂದರು ಅತ್ತೆ. ಈಗ ಇಲ್ಲಿ, ಆಂಪ್ಲಿಫೈಯರಿನ ಹಿಂದೆ ನಿಂತಿದ್ದೇನೆ, ಧೂಳು ಕಾದ ವಾಸನೆ, ಜನ ಕಾಣುವುದಿಲ್ಲ, ಅವರ ಗುಜುಗುಜು ಮಾತ್ರ, ಎತ್ತರದ ಕಿಟಕಿಯಿಂದ ಫೆಬ್ರುವರಿಯ ಬಿಸಿಲು ಬಾಗಿಲಿನ ಸ್ಟಿಕ್ಕರುಗಳ ಮೇಲೆ, ಬ್ರೆಂಡಾಳ ಬೆನ್ನು ಕಾಣುತ್ತದೆ, ಎಣ್ಣೆಗೆ ಮಲಗಿದ ಕೂದಲು ಕಾಣುತ್ತದೆ, ಮುಂದೆ ಯಾರೋ ಕೂದಲಿಗೇನಾಯಿತು ಎಂದು ಕೂಗಿದರು, ಧಾರವಾಡ ಎಂದಳು ಮೈಕಿನಲ್ಲಿ, ಯಾರಿಗೂ ತಿಳಿಯಲಿಲ್ಲ, ಎಲ್ಲರೂ ನಕ್ಕರು, ಒಬ್ಬರ ನಗೆ ಮಾತ್ರ ಬೇರೆಯಾಗಿ ಕೇಳಿತು, ಅತ್ತೆಯದು. ತಪ್ಪಿದರೆ ನಾಳೆ ರೈಲು, ತಪ್ಪಿದರೆ ಆ ಕ್ಯಾಂಟೀನಿನಲ್ಲಿ ಮುದುಕರು ಕಾಯುತ್ತಾರೆ, ಓಡಬೇಡ, ಮುಂದೆ ಹೋಗಬೇಡ, ಅಜ್ಜನ ಕೈ ಪಾದದ ಮೇಲೆ, ಅದನ್ನ ಊರೋ ತಮ್ಮಾ, ಕ್ಲೈವ್ ತಿರುಗಿ ನೋಡುತ್ತಾನೆ, ನನ್ನ ಮುಖವನ್ನಲ್ಲ, ಬೂಟನ್ನು, ಎತ್ತುತ್ತೇನೆ, ಲಾಳಕ್ಕೆ ಬಿಸಿಲು ತಾಗಿ ಹೊಳೆಯುತ್ತದೆ, ಆತ ಕಣ್ಣು ಮುಚ್ಚಿಕೊಳ್ಳುತ್ತಾನೆ, ಈಗ ನೋಡಲಾರ, ಈಗ ಬಾಗಿಲು ಮಾತ್ರ, ಕೂದಲೆಳೆಯಷ್ಟು ತಡೆ, ತಡೆ, ಬಿಡು – ಟಕ್, ಡ್ರಮ್ಮು ಹಿಂದಿನಿಂದ ಬರಲಿಲ್ಲ, ಜೊತೆಗೇ ಬಂತು, ಅಂಗಾಲಿನಿಂದ ಮೊಣಕಾಲಿಗೆ ಹತ್ತಿತು, ಅಡುಗೆಮನೆಯಲ್ಲಿ ಉಳಿದ ಸಾರಿನ ಮೇಲೆ ಈಗ ಉಂಗುರ, ನೋಡುವವರಿಲ್ಲ, ಟಕ್, ವಿಜಯಶ್ರೀ, ಬ್ರಾಡ್‌ಫರ್ಡ್, ಟಕ್, ಮುಂದಿನದು, ಟಕ್, ಮುಂದಿನದು ಏನೂ ಇಲ್ಲ, ಕಪ್ಪು ಬೂಟು, ಲಾಳ, ಬಿಸಿಲು, ಹಿಮ್ಮಡಿ ಮೇಲೆ, ಹಿಮ್ಮಡಿ ಕೆಳಗೆ, ಹಿಮ್ಮಡಿ